ಸಂತೆಗೆ ಕರ್ಕೊಂಡು ಹೋದ ಮಾತ್ರಕ್ಕೆ ಎನ್‌ಕ್ವೈರಿ ಆಗಲ್ಲ ಮೇಡಂ

ಪಿವೈಪಿ ಬಗ್ಗೆ ಬರೋ ಪತ್ರಗಳು ಜಾಸ್ತಿ ಆಗ್ತಾನೇ ಇವೆ, ಪ್ರಶ್ನೆಗಳು ಮಾತ್ರ ಅವೇ ನಾಲ್ಕೈದು. ಈ ಸಲ ಒಟ್ಟಿಗೆ ಮುಗಿಸಿಬಿಡ್ತೀನಿ. ಹೊಸಬರಿಗೆ ಮಾತ್ರ ಒಂದು ಮಾತು: ಐಬಿ ಅಂದ್ರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನೋ ಜಿನೀವಾದ ಸಂಸ್ಥೆ, ಪಿವೈಪಿ ಅಂದ್ರೆ ಚಿಕ್ಕ ಮಕ್ಕಳಿಗೆ ಅವರು ನಡೆಸೋ ಪ್ರೈಮರಿ ಇಯರ್ಸ್ ಪ್ರೋಗ್ರಾಂ, ಎನ್‌ಕ್ವೈರಿ ಅಂದ್ರೆ ಅದರಲ್ಲಿ ಮಕ್ಕಳೇ ಪ್ರಶ್ನೆ ಕೇಳಿ, ಹುಡುಕಿ ಕಲಿಯೋದು.

ಪ್ರಶ್ನೆ: ಹಾಸನ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾನು ಹೆಡ್‌ಮಿಸ್. ಮುಂದಿನ ಜೂನ್‌ನಿಂದ ಒಂದರಿಂದ ಐದನೇ ಕ್ಲಾಸಿಗೆ ಪಿವೈಪಿ ತರ್ಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳ್ತಿದೆ. ಒಬ್ಬರು ಕನ್ಸಲ್ಟಂಟ್ ಮೂರು ದಿನ ಟ್ರೈನಿಂಗ್ ಕೊಟ್ಟು ಎಲ್ಲಾ ಕ್ಲಾಸಿನ ಯೂನಿಟ್ ಪ್ಲಾನರ್ (ಒಂದೊಂದು ವಿಷಯ ಹಿಡಿದು ಕೆಲವು ವಾರ ನಡೆಸೋ ಪಾಠದ ಯೋಜನೆ) ರೆಡಿ ಮಾಡಿ ಕೊಡ್ತೀನಿ ಅಂದಿದಾರೆ. ಟ್ರಯಲ್‌ಗೆ ಅಂತ ಮೂರನೇ ಕ್ಲಾಸ್ ಮಕ್ಕಳನ್ನ ಸಂತೆಗೆ ಕರ್ಕೊಂಡು ಹೋಗಿದ್ವಿ, ಮಕ್ಕಳು ಖುಷಿಪಟ್ರು, ಆಮೇಲೆ ಏನ್ ಮಾಡೋದು ಅಂತ ಗೊತ್ತಾಗ್ಲಿಲ್ಲ. ಎಲ್ಲಿಂದ ಶುರು ಮಾಡ್ಬೇಕು ಸರ್?

ಉತ್ತರ: ಮೊದಲು ಆ ಕನ್ಸಲ್ಟಂಟ್‌ಗೆ ಒಂದು ಕಾಫಿ ಕೊಟ್ಟು ಕಳಿಸಿಬಿಡಿ. ಪಿವೈಪಿಲಿ ಇರೋದು ಆರು ಥೀಮು, ಕ್ಲಾಸಿಗೆ ವರ್ಷಕ್ಕೆ ಆರು ಯೂನಿಟ್, ನಿಮ್ಮ ಐದು ಕ್ಲಾಸಿಗೆ ಮೂವತ್ತು. ಆ ಮೂವತ್ತೂ ನಿಮ್ಮ ಟೀಚರ್‌ಗಳೇ ಕೂತು, ಜಗಳ ಆಡಿ, ಹೊಡೆದು ಹಾಕಿ ಮತ್ತೆ ಬರೀಬೇಕಾದ್ದು, ಕೊಂಡ್ಕೊಳ್ಳೋ ವಸ್ತು ಅಲ್ಲ. ಹೀಗೆ ದುಡ್ಡು ಕೊಟ್ಟು ತಂದ ಪ್ಲಾನರ್ ಒಂದನ್ನ ಬಯಲುಸೀಮೆಯ ಒಂದು ಶಾಲೆಯಲ್ಲಿ ನೋಡಿದೀನಿ, ಎರಡನೇ ಕ್ಲಾಸಿಗೆ ಹಿಮ ಬಿದ್ದಾಗ ಪ್ರಾಣಿಗಳು ಏನ್ ಮಾಡ್ತವೆ ಅಂತ ಯೂನಿಟ್ಟು! ಆ ಮಕ್ಕಳು ಸರಿಯಾಗಿ ಮಳೆ ನೋಡಿಯೇ ಎರಡು ವರ್ಷ ಆಗಿತ್ತು. ಆಥರೈಸೇಷನ್‌ಗೆ, ಅಂದ್ರೆ ಶಾಲೆಗೆ ಐಬಿ ಮಾನ್ಯತೆ ಕೊಡೋಕೆ ಮುಂಚೆ ಪರಿಶೀಲನೆಗೆ ಬರೋರು ಫೈಲ್ ನೋಡಿ ಸುಮ್ಮನೆ ಹೋಗಲ್ಲ, ಟೀಚರ್ ಜೊತೆ ಕೂತು ಮಾತಾಡ್ತಾರೆ, ಬಾಡಿಗೆ ಪ್ಲಾನರ್ ಅಲ್ಲಿ ಐದು ನಿಮಿಷ ನಿಲ್ಲಲ್ಲ.

ಇನ್ನು ಜೂನ್ ಕಥೆ ಮರೆತುಬಿಡಿ. ಕ್ಯಾಂಡಿಡೇಟ್ ಸ್ಕೂಲ್ (ಮಾನ್ಯತೆಗೆ ತಯಾರಿ ನಡೆಸ್ತಿರೋ ಶಾಲೆ) ಆಗೋಕೆ ಅರ್ಜಿ ಹಾಕ್ಬೇಕು, ಆದ್ಮೇಲೆ ಕಡಿಮೆ ಅಂದ್ರೂ ಒಂದು ವರ್ಷ ಕ್ಲಾಸಲ್ಲಿ ಮಾಡಿ ತೋರಿಸ್ಬೇಕು, ಆಮೇಲೆ ಅವರು ಬಂದು ನೋಡ್ಬೇಕು, ಅಷ್ಟೂ ಕಾಲ ಫೀಸ್ ಕಟ್ತಾ ಇರ್ಬೇಕು. ಆಥರೈಸ್ ಆದ್ಮೇಲೂ ಐದು ವರ್ಷಕ್ಕೊಂದು ಸಲ ಇವ್ಯಾಲ್ಯುಯೇಷನ್ ಇದೆ. ಮ್ಯಾನೇಜ್‌ಮೆಂಟಿಗೆ ಇದನ್ನ ಹೇಳೋ ಧೈರ್ಯ ನಿಮಗಿಲ್ಲದಿದ್ರೆ ಈ ಪತ್ರಿಕೆಯನ್ನೇ ಅವರ ಟೇಬಲ್ ಮೇಲೆ ಇಟ್ಟು ಬನ್ನಿ.

ಈಗ ನಿಮ್ಮ ಸಂತೆ ವಿಷಯ. ಐಡಿಯಾ ಒಳ್ಳೇದಿತ್ತು, ಕೆಡಿಸಿದ್ದು ಹೇಗೆ ಅಂದ್ರೆ ಹೋಗೋಕೆ ಮೊದಲು ಮಕ್ಕಳನ್ನ ಏನೂ ಕೇಳಿಲ್ಲ. ಹಿಂದಿನ ದಿನ ಕೂರಿಸಿ ಕೇಳ್ಬೇಕಿತ್ತು, ಟೊಮೆಟೊಗೆ ರೇಟ್ ಯಾರು ಇಡ್ತಾರೆ ಅಂತ. ಅಂಗಡಿಯವನು ಅಂತಾರೆ, ಗವರ್ನಮೆಂಟ್ ಅಂತಾರೆ, ಒಬ್ಬ ಅಂತೂ ನಮ್ಮಜ್ಜಿ ಅಂತಾನೆ (ಅವನು ಹೇಳಿದ್ದೇ ಅರ್ಧ ನಿಜ, ಅಜ್ಜಿ ಚೌಕಾಸಿ ಮಾಡೋದನ್ನ ನೋಡಿರ್ತಾನೆ). ತಪ್ಪು ಸರಿ ಅನ್ನದೆ ಅಷ್ಟನ್ನೂ ಬರೆದು ಗೋಡೆಗೆ ಅಂಟಿಸಿ. ಆಮೇಲೆ ಒಂದು ಗುಂಪು ಬೆಳಿಗ್ಗೆ ಹೋಗ್ಲಿ, ಇನ್ನೊಂದು ಸಂತೆ ಮುಗಿಯೋ ಹೊತ್ತಿಗೆ ಅಪ್ಪ ಅಮ್ಮನ ಜೊತೆ ಹೋಗ್ಲಿ, ಟೊಮೆಟೊ ಈರುಳ್ಳಿ ಎರಡರದ್ದೂ ರೇಟ್ ಬರ್ಕೊಂಡು ಬರ್ಲಿ. ಸಂಜೆಗೆ ಟೊಮೆಟೊ ಇಳಿದಿದ್ದು ಈರುಳ್ಳಿ ಅಷ್ಟೇನೂ ಇಳಿದಿಲ್ಲ ಅಂದ್ರೆ ಯಾಕೆ? ಇಲ್ಲಿ ಟೀಚರ್ ಬಾಯಿ ಮುಚ್ಕೊಂಡಿರ್ಬೇಕು, ನಮ್ಮವರಿಗೆ ಇದೇ ಕಷ್ಟ, ಉತ್ತರ ಗೊತ್ತಿದ್ದೂ ಹೇಳದೆ ಇರೋದು. ಎರಡು ದಿನ ಬಿಟ್ರೆ ಯಾವುದೋ ಮಗು ಮನೇಲಿ ಕೇಳ್ಕೊಂಡು ಬಂದು ಹೇಳುತ್ತೆ, ಟೊಮೆಟೊ ಕೊಳೆಯುತ್ತೆ ಮಿಸ್, ವಾಪಸ್ ತಗೊಂಡ್ ಹೋಗಿ ಏನ್ ಮಾಡ್ತಾರೆ ಅಂತ. ಆ ಮಾತು ಬಂದ ದಿನ ನಿಮ್ಮ ಯೂನಿಟ್ ಶುರುವಾಯ್ತು ಅನ್ಕೊಳ್ಳಿ. ಗಣಿತದ ತೂಕ, ಚಿಲ್ಲರೆ, ಗ್ರಾಫು, ಭಾಷೆಯ ಮಾತುಕತೆ ಎಲ್ಲ ಅದರ ಬೆನ್ನಿಗೇ ಬರುತ್ತೆ. ಆರು ವಾರ ಆದ್ಮೇಲೆ ಅದೇ ಪ್ರಶ್ನೆ ಮತ್ತೆ ಕೇಳಿ, ಗೋಡೆ ಮೇಲಿನ ಹಳೇ ಉತ್ತರದ ಪಕ್ಕ ಹೊಸದು ಇಡಿ. ಅಸೆಸ್‌ಮೆಂಟ್ ಅಂದ್ರೆ ಅದೂನು, ಅಪ್ಪಂದಿರು ರಾತ್ರಿ ಹನ್ನೊಂದಕ್ಕೆ ಥರ್ಮೋಕೋಲ್‌ನಲ್ಲಿ ಮಾಡೋ ಸಂತೆ ಮಾಡೆಲ್ ಅಲ್ಲ.

ಇಂಟರ್‌ನ್ಯಾಷನಲ್ ಅನ್ನೋದು ಎಲ್ಲಿಂದ ತರೋದು ಅಂತ ಎಲ್ಲರೂ ಒದ್ದಾಡ್ತಾರೆ. ನಿಮ್ಮೂರಲ್ಲಿ ಆಲೂಗಡ್ಡೆ ಇದೆಯಲ್ಲ ಮೇಡಂ! ಹಾಸನದ ರೈತರು ಬಿತ್ತನೆ ಗಡ್ಡೆ ತರಿಸೋದು ಪಂಜಾಬಿನ ಜಲಂಧರ್‌ನಿಂದ, ಬೆಳೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಪಲ್ಯದ ಆಲೂಗಡ್ಡೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೊರಟ ಮಗು ತಾನಾಗೇ ಪೆರು ತನಕ ಹೋಗುತ್ತೆ, ನೀವು ಬಾವುಟ ಹಿಡಿಸೋದು ಬೇಡ.

ಎಲ್ಲಿಂದ ಶುರು ಅಂದ್ರಲ್ಲ, ಟೈಮ್‌ಟೇಬಲ್‌ನಿಂದ. ವಾರಕ್ಕೆ ಎರಡು ಪಿರಿಯಡ್ ಆ ಕ್ಲಾಸಿನ ಎಲ್ಲಾ ಟೀಚರ್‌ಗಳೂ ಒಟ್ಟಿಗೆ ಫ್ರೀ ಇರ್ಬೇಕು, ಕೂತು ಪ್ಲಾನ್ ಮಾಡೋಕೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಂದ್ರೆ ನಾನು ಒಪ್ಪಲ್ಲ, ಬಸ್ ಹಿಡಿಯೋ ಯೋಚನೇಲಿ ಇರೋರು ಏನ್ ಪ್ಲಾನ್ ಮಾಡ್ತಾರೆ. ಇಷ್ಟು ಕೊಡೋಕೆ ಆಗಲ್ಲ ಅಂದ್ರೆ ಪಿವೈಪಿ ಸಹವಾಸವೇ ಬೇಡ. ಆ ಮೀಟಿಂಗಿಗೆ ಕನ್ನಡ ಟೀಚರ್‌ನೂ ಕರೀಬೇಕು. ಎಲ್ಲಾ ಶಾಲೆಯಲ್ಲೂ ಅವರನ್ನ ಹೊರಗೇ ಬಿಡ್ತಾರೆ, ನನಗೆ ಮೈ ಉರಿಯುತ್ತೆ, ಸಂತೆ ನಡೆಯೋದೇ ಕನ್ನಡದಲ್ಲಿ! 2015ರ ಕಾಯ್ದೆ ಪ್ರಕಾರ ಕನ್ನಡ ಕಲಿಸ್ಲೇಬೇಕು, ಪಿವೈಪಿನೂ ಏಳು ವರ್ಷದೊಳಗೆ ಇನ್ನೊಂದು ಭಾಷೆ ಶುರು ಮಾಡಿ ಅನ್ನುತ್ತೆ, ಎರಡೂ ಒಂದೇ ಕೆಲಸದಲ್ಲಿ ಆಗುತ್ತೆ.

ಒಂದು ಕ್ಲಾಸ್, ಒಂದು ಯೂನಿಟ್ ಈ ವರ್ಷವೇ ಮಾಡಿ ನೋಡಿ, ಅದಕ್ಕೆ ಜಿನೀವಾದ ಪರ್ಮಿಷನ್ ಬೇಡ. ನಮ್ಮ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದ್ದು. ಅದು ಕಾರ್ಡು, ಕಲಿಕಾ ಏಣಿಯ ಪದ್ಧತಿ, ಎನ್‌ಕ್ವೈರಿ ಅಲ್ಲ, ಒಪ್ತೀನಿ. ಆದ್ರೆ ಟೀಚರ್‌ಗಳೇ ಕೂತು ಕಟ್ಟಿದ್ದು. ಅಂದಹಾಗೆ ನಿಮ್ಮ ಸ್ಟಾಫ್ ರೂಮಲ್ಲಿ ಈ ಪದ ಹೇಳುವಾಗ ಹುಷಾರು, ‘ಮುಂದಿನ ವಾರದಿಂದ ಎನ್‌ಕ್ವೈರಿ’ ಅಂದಾಗ ಡಿಪಾರ್ಟ್‌ಮೆಂಟ್ ಎನ್‌ಕ್ವೈರಿ ಅನ್ಕೊಂಡು ಗಾಬರಿ ಆದ ಹಿರಿಯ ಮೇಷ್ಟ್ರೊಬ್ಬರು ನನಗೆ ಗೊತ್ತು.

ಪ್ರಶ್ನೆ: ಅರ್ಜಿ ಹಾಕೋಕೆ ಮೊದಲೇ ‘ಐಬಿ ಪ್ಯಾಟರ್ನ್’ ಅಂತ ಬೋರ್ಡ್ ಹಾಕ್ಬಹುದಾ?

ಉತ್ತರ: ಬೇಡ, ಅದು ಮೋಸ. ಪೇರೆಂಟ್ಸ್‌ಗೂ ಹೇಳ್ತೀನಿ, ಬೋರ್ಡ್ ನಂಬಬೇಡಿ, ಐಬಿ ವೆಬ್‌ಸೈಟಲ್ಲಿ ಶಾಲೆ ಹೆಸರು ಹುಡುಕಿ.

ಪ್ರಶ್ನೆ: ಪಿವೈಪಿಲಿ ಓದಿದ್ರೆ ಮಗ್ಗಿ ಬರಲ್ವಂತೆ ಹೌದಾ?

ಉತ್ತರ: ಮಗ್ಗಿ ಕಲಿಸಬೇಡಿ ಅಂತ ಪಿವೈಪಿ ಎಲ್ಲೂ ಹೇಳಿಲ್ಲ. ಬಂದಿಲ್ಲ ಅಂದ್ರೆ ಯಾರೋ ಕಲಿಸಿಲ್ಲ, ಅಷ್ಟೇ.

ಪ್ರಶ್ನೆ: ಮಗ ಯುಕೆಜಿ, ಪಿವೈಪಿಗೆ ಹಾಕಿದ್ರೆ ಮುಂದೆ ನೀಟ್‌ಗೆ ತೊಂದ್ರೆ ಆಗುತ್ತಾ?

ಉತ್ತರ: ಅವನಿಗೆ ಐದು ವರ್ಷ. ಆಡೋಕೆ ಬಿಡಿ.

ಪ್ರಶ್ನೆ: ಇಂಟರ್‌ನ್ಯಾಷನಲ್ ಡೇಗೆ ಮಗಳಿಗೆ ಜಪಾನ್ ಬಂದಿದೆ. ಕಿಮೋನೊ ಬಾಡಿಗೆಗೆ ತರ್ಲಾ, ಹೊಲಿಸ್ಲಾ?

ಉತ್ತರ: ಮೊದಲು ಕ್ಲಾಸ್ ಟೀಚರ್‌ಗೆ ಫೋನ್ ಮಾಡಿ ಕೇಳಿ, ಆ ದಿನ ಮಗಳು ಜಪಾನ್ ಬಗ್ಗೆ ಏನನ್ನ ಹುಡುಕಿ ತಿಳ್ಕೊಂಡು ಬರ್ಬೇಕು ಅಂತ. ‘ಏನಿಲ್ಲ ಮೇಡಂ, ಫೋಟೋ ತೆಗೆಯೋದಿದೆ’ ಅಂದ್ರೆ ಪಕ್ಕದ ಮನೆಯವರ ಹತ್ರ ಯಾವುದಾದ್ರೂ ಡ್ರೆಸ್ ಇಸ್ಕೊಳ್ಳಿ, ದುಡ್ಡು ಖರ್ಚು ಮಾಡಬೇಡಿ.