ಅಕ್ಕತಂಗಿಯರ ಹಿಪ್-ಹಾಪ್, ಸೋಲ್ ಆಲ್ಬಮ್ ಬೇಕಾ? 'ಇಬೇಯಿ' ಕೇಳಿ

ಒಡಹುಟ್ಟಿದವರು ಇಬ್ಬರೇ ಸೇರಿ ಮಾಡಿದ, ಹಿಪ್-ಹಾಪ್ ಮತ್ತು ಸೋಲ್ ಬೆರೆತ ಚೊಚ್ಚಲ ಆಲ್ಬಮ್ ಒಂದನ್ನು ಹೇಳಿ ಅಂತ ಕೇಳಿದ್ದೀರಿ. ನನ್ನ ಉತ್ತರ 2015ರ 'ಇಬೇಯಿ'. ತಂಡದ ಹೆಸರೂ ಅದೇ, ಆಲ್ಬಮ್ ಹೆಸರೂ ಅದೇ. ಪಶ್ಚಿಮ ಆಫ್ರಿಕಾದ ಯೊರುಬಾ ಭಾಷೆಯಲ್ಲಿ ಅವಳಿಗಳು ಅಂತ ಅರ್ಥ. ನಮ್ಮೂರಲ್ಲಾಗಿದ್ರೆ 'ಅವಳಿ-ಜವಳಿ' ಅಂತ ಇಟ್ಕೊಳ್ತಿದ್ರೇನೋ.

ಲೀಸಾ-ಕೈಂಡೆ ಡಿಯಾಸ್, ನಯೋಮಿ ಡಿಯಾಸ್ ಇಬ್ಬರೂ ಹುಟ್ಟಿದ್ದು 1994ರಲ್ಲಿ, ಪ್ಯಾರಿಸ್‌ನಲ್ಲಿ. ಅಪ್ಪ ಆಂಗಾ ಡಿಯಾಸ್ ಕ್ಯೂಬಾದವರು. ಕ್ಯೂಬಾದ ಹೆಸರಾಂತ ಸಂಗೀತ ತಂಡ ಬ್ಯುನಾ ವಿಸ್ಟಾ ಸೋಷಿಯಲ್ ಕ್ಲಬ್ ಜೊತೆ ಕಾಂಗಾ, ಅಂದ್ರೆ ಕೈಯಲ್ಲಿ ಬಡಿಯುವ ಎತ್ತರದ ಡ್ರಮ್, ನುಡಿಸಿದವರು. ಐದು ಕಾಂಗಾ ಮುಂದಿಟ್ಟುಕೊಂಡು ಒಬ್ಬರೇ ನುಡಿಸುತ್ತಿದ್ದರು. 2006ರಲ್ಲಿ ಅವರು ತೀರಿಕೊಂಡಾಗ ಮಕ್ಕಳಿಗೆ ಬರೀ 11 ವರ್ಷ. ಆಮೇಲೆ ನಯೋಮಿ ಕಹೋನ್ ಹಿಡಿದರು. ಅದು ಮರದ ಪೆಟ್ಟಿಗೆ, ಅದರ ಮೇಲೇ ಕೂತು ಬಡಿಯೋದು. ಲೀಸಾ ಪಿಯಾನೋ ನುಡಿಸಿಕೊಂಡು ಹಾಡುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಇದರಲ್ಲಿ ರ‍್ಯಾಪ್ ಸಿಗುತ್ತೆ ಅಂತ ಕಾಯಬೇಡಿ. ಹಿಪ್-ಹಾಪ್ ಇರೋದು ಬೀಟ್‌ನಲ್ಲಿ, ಸೋಲ್ ಇರೋದು ಲೀಸಾ ಗಂಟಲಲ್ಲಿ. ನಾನು ಮೊದಲ ಸಲ ಫೋನ್ ಸ್ಪೀಕರ್‌ನಲ್ಲಿ ಕೇಳಿ, ಏನಪ್ಪಾ ಇದು ಸಪ್ಪೆ ಅಂತ ಬಿಟ್ಟಿದ್ದೆ. ಆಮೇಲೆ ಇಯರ್‌ಫೋನ್ ಹಾಕಿ 'ರಿವರ್' ಕೇಳಿದಾಗ ಗೊತ್ತಾಯ್ತು, ಅರ್ಧ ಹಾಡು ನನಗೆ ಕೇಳಿಸಿಯೇ ಇರಲಿಲ್ಲ. ಕೆಳಗೆ ದಪ್ಪ ಬೇಸ್, ನಿಧಾನವಾದ ಏಟು, ಮೇಲೆ ಎರಡೇ ದನಿ. ಮಧ್ಯೆ ಬೇಕಾದಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ನಿರ್ಮಾಪಕ ರಿಚರ್ಡ್ ರಸೆಲ್, ಆಲ್ಬಮ್ ಹೊರತಂದ ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಕಂಪನಿಯ ಮುಖ್ಯಸ್ಥರೂ ಅವರೇ. ಸುಮ್ನೆ ವಾದ್ಯ ತುಂಬಿಸದೆ ಬಿಟ್ಟಿದ್ದಕ್ಕೆ ಅವರಿಗೊಂದು ನಮಸ್ಕಾರ.

'ರಿವರ್' ವಿಡಿಯೋ ಖಂಡಿತ ನೋಡಿ. ಒಂದೇ ಶಾಟ್. ಇಬ್ಬರ ತಲೆಯೂ ನೀರೊಳಗೆ. ಯಾರದೋ ಕೈ ಒಬ್ಬರ ತಲೆಯನ್ನು ಮೇಲೆತ್ತುತ್ತೆ, ಅವರು ಹಾಡ್ತಾರೆ, ಮತ್ತೆ ಮುಳುಗಿಸುತ್ತೆ. ಆಮೇಲೆ ಇನ್ನೊಬ್ಬರ ಸರದಿ. ನನ್ನ ತಂಗಿ ಅರ್ಧಕ್ಕೇ "ಅಯ್ಯೋ ನಿಲ್ಸು, ನಂಗೇ ಉಸಿರು ಕಟ್ತಿದೆ" ಅಂದಳು. ಆ ಹಾಡು ಒಶುನ್ ಎಂಬ ನದಿ ದೇವತೆಯನ್ನು ಕರೆಯುವಂಥದ್ದು. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಕ್ಯೂಬಾಗೆ ಸಾಗಿಸಲ್ಪಟ್ಟ ಜನ ಈ ದೇವತೆಗಳನ್ನು ಹಾಡಿನಲ್ಲೇ ಉಳಿಸಿಕೊಂಡರು. ಆಲ್ಬಮ್ ಶುರುವಾಗೋದೂ ಎಲೆಗ್ವಾ ಹೆಸರಲ್ಲಿ. ದಾರಿ ತೆರೆದುಕೊಡುವ ದೇವರು, ಅವನಿಗೇ ಮೊದಲ ಪೂಜೆ. ನಮ್ಮ ಗಣಪನ ನೆನಪಾಗುತ್ತೆ, ಅಲ್ವಾ?

ಮನಸ್ಸಿಗೆ ಜಾಸ್ತಿ ತಟ್ಟಿದ್ದು 'ಮಾಮಾ ಸೇಸ್'. ಗಂಡ ಹೋದ ಮೇಲೆ ಕುಸಿದು ಕೂತ ಅಮ್ಮನನ್ನು ಮಗಳು ನೋಡ್ತಿರೋ ಹಾಡು. ಸ್ಟೇಜ್ ಮೇಲೆ ನಯೋಮಿ ಎದೆ, ತೊಡೆ ತಟ್ಟಿ ತಾಳ ಹಾಕುವುದನ್ನು ನೋಡಿದರೆ ಡ್ರಮ್ಸ್ ಯಾಕೆ ಬೇಕು ಅನ್ಸುತ್ತೆ. 'ಯನೀರಾ' ತೀರಿಕೊಂಡ ಅಕ್ಕನಿಗಾಗಿ ಬರೆದದ್ದು.

ಎಲ್ಲಾ ಹಾಡೂ ಚಿನ್ನ ಅಂತ ಹೇಳಲ್ಲ. ಕೊನೆಯ ಕಡೆ ಎರಡು-ಮೂರು ಒಂದೇ ಥರ ಅನ್ನಿಸಿ ನಾನು ಮುಂದಕ್ಕೆ ಓಡಿಸ್ತೀನಿ. ಆದರೆ ಕಡೆಯದನ್ನು ಬಿಡಬೇಡಿ. ಅದು ಅವಳಿ ದೇವತೆಗಳ ಹಾಡು, ತಮ್ಮದೇ ಹೆಸರಿನ ಹಾಡು. ಇಯರ್‌ಫೋನ್ ಮರೀಬೇಡಿ.