ವರ್ಷಗಟ್ಟಲೆ ಆಡಿದ ಗಾಲ್ಫ್ ಗೇಮಿನ ಬಳಗವನ್ನು ಬಿಡುವುದು ದ್ರೋಹವೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ಹಳೆಯ ಕಂಪ್ಯೂಟರ್ ಗಾಲ್ಫ್ ಗೇಮೊಂದರ ಅಭಿಮಾನಿ ಬಳಗದಲ್ಲಿ ಬಹಳ ಕಾಲದಿಂದ ಇದ್ದೀರಿ. ವಾರದ ಪಂದ್ಯಾವಳಿ ನಡೆಸುವವರೂ ನೀವೇ. ಈಗ ಆಡುವ ಮನಸ್ಸೇ ಇಲ್ಲ. ಆದರೆ ಬಿಟ್ಟುಹೋದರೆ ಉಳಿದವರಿಗೆ ದ್ರೋಹ ಬಗೆದಂತೆ ಆಗುತ್ತದೆಯೇ ಎಂಬ ಅಳುಕು ಕಾಡುತ್ತಿದೆ.

ಬಿಡಬಹುದು. ದ್ರೋಹವಾಗುವುದಿಲ್ಲ. ನಿಮ್ಮ ವಶದಲ್ಲಿರುವ ಕಡತಗಳು, ಲೆಕ್ಕಪತ್ರ, ಪಾಸ್‌ವರ್ಡುಗಳು ಬಳಗಕ್ಕೆ ಸೇರಿದ್ದು, ಅವನ್ನು ಒಪ್ಪಿಸಲೇಬೇಕು. ನಿಮ್ಮ ಮುಂದಿನ ಸಂಜೆಗಳು ಮಾತ್ರ ನಿಮ್ಮವು, ಅವುಗಳ ಮೇಲೆ ಯಾರ ಹಕ್ಕೂ ಇಲ್ಲ. ಈ ಎರಡೂ ಒಂದಕ್ಕೊಂದು ಕಲಸಿಹೋಗಿರುವುದರಿಂದಲೇ ನಿಮಗೆ ಸಂಕಟವಾಗುತ್ತಿದೆ ಎಂದು ನನಗೆ ಅನ್ನಿಸುತ್ತದೆ. ನಾನೂ ಅದೇ ದಾರಿಯಲ್ಲಿ ಬಂದವನಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನಾನು ತೀರ್ಥಹಳ್ಳಿ ಕಡೆಯವನು. ಶಿವಮೊಗ್ಗದಲ್ಲಿ ಕಟ್ಟಡ, ರಸ್ತೆಗಳ ನಕ್ಷೆ ತಯಾರಿಸುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನನ್ನ ಗೇಮ್ ಮೈಕ್ರೋಸಾಫ್ಟ್‌ನ ಲಿಂಕ್ಸ್ 2003. ಗಾಲ್ಫ್ ಕೋಲನ್ನು ಕೈಯಲ್ಲಿ ಹಿಡಿದು ನೋಡುವ ಎಷ್ಟೋ ವರ್ಷ ಮೊದಲೇ ಸ್ಕಾಟ್ಲೆಂಡಿನ ಸೇಂಟ್ ಆ್ಯಂಡ್ರೂಸಿನ ಓಲ್ಡ್ ಕೋರ್ಸ್ ಎಂಬ ಗಾಲ್ಫ್ ಮೈದಾನದ ಬಂಕರುಗಳು, ಅಂದರೆ ಮರಳು ಗುಂಡಿಗಳು, ನನಗೆ ನಮ್ಮೂರ ದಾರಿಯ ಹೊಂಡಗಳಷ್ಟೇ ಪರಿಚಯವಾಗಿದ್ದವು. ಮೌಸಿನ ಗುಂಡಿಯನ್ನು ಒತ್ತಿ ಹಿಡಿದರೆ ಅಳತೆಪಟ್ಟಿ ಏರುತ್ತಿತ್ತು. ಬೇಕಾದ ಬಲ ಬಂದಾಗ ಬೆರಳು ಬಿಡಬೇಕು, ಕೋಲು ಕೆಳಗಿಳಿದು ಚೆಂಡಿಗೆ ತಾಗುವ ಗಳಿಗೆಗೆ ಸರಿಯಾಗಿ ಇನ್ನೊಮ್ಮೆ ಒತ್ತಬೇಕು. ಒಂದು ಕೂದಲೆಳೆ ಬೇಗವಾದರೆ ಚೆಂಡು ಒಂದು ಕಡೆಗೆ, ತಡವಾದರೆ ಇನ್ನೊಂದು ಕಡೆಗೆ. ಇಷ್ಟರಲ್ಲೇ ಒಂದು ಇಡೀ ಆಟವಿತ್ತು. ಉಸಿರು ಹಿಡಿದು ಆಡುತ್ತಿದ್ದೆವು.

ಮಲೆನಾಡಿನವನಿಗೆ ಈ ಗೇಮ್ ಒಗ್ಗಿದ್ದಕ್ಕೆ ಇನ್ನೊಂದು ಕಾರಣವಿತ್ತು. ಆಡಿದ ಸುತ್ತನ್ನು ದಾಖಲಿಸಿ, ಅದರ ಕಡತವನ್ನು ಬೇರೆಯವರಿಗೆ ಕಳಿಸಬಹುದಿತ್ತು. ಅವರು ತಮ್ಮ ಕಂಪ್ಯೂಟರಿನಲ್ಲಿ ಆ ಸುತ್ತಿನ ಎದುರು ಆಡುತ್ತಿದ್ದರು. ಆಷಾಢದ ಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ದೂರವಾಣಿಯೂ ಸತ್ತಿದೆ ಎಂಬಂತಹ ಊರಿನಲ್ಲಿ ಕುಳಿತು ಎಡಿನ್‌ಬರೋದವರ ಜೊತೆ ಒಂದೇ ಹೊತ್ತಿಗೆ ಆಡುವುದು ಸಾಧ್ಯವೇ ಇರಲಿಲ್ಲ. ಆದರೆ ಕರೆಂಟು ಬಂದ ರಾತ್ರಿ ಅವರ ಸುತ್ತನ್ನು ತೆರೆದು, ಪಕ್ಕದಲ್ಲಿ ನಿಂತು ಆಡಿದಂತೆ ಆಡಬಹುದಿತ್ತು. ಪಂದ್ಯಾವಳಿಯ ಗಡುವನ್ನು ನಮ್ಮ ಮಳೆಗಾಲಕ್ಕಾಗಿಯೇ ಹಿರಿಯರೊಬ್ಬರು ವಾರದಿಂದ ಹತ್ತು ದಿನಕ್ಕೆ ಹೆಚ್ಚಿಸಿದ್ದರು. ನಾನು ಕೇಳಿರಲೂ ಇಲ್ಲ. ಇಂಥದ್ದನ್ನು ಕಂಡವನಿಗೆ 'ಅದೊಂದು ಗೇಮ್ ತಾನೇ, ಡಿಲೀಟ್ ಮಾಡಿ ಬಿಡಿ' ಎನ್ನುವವರ ಮಾತು ರುಚಿಸುವುದಿಲ್ಲ. ನಿಮಗೂ ಅಂಥ ಸಲಹೆಗಳು ಬಂದಿರಬಹುದು. ಕಿವಿಗೆ ಹಾಕಿಕೊಳ್ಳಬೇಡಿ.

ಲಿಂಕ್ಸ್ ಜೊತೆಗೆ ಖ್ಯಾತ ಗಾಲ್ಫ್ ಆಟಗಾರ ಆರ್ನಾಲ್ಡ್ ಪಾಮರ್ ಹೆಸರಿನ ಕೋರ್ಸ್ ಡಿಸೈನರ್ ಎಂಬ, ಗಾಲ್ಫ್ ಮೈದಾನ ಕಟ್ಟುವ ಸಾಧನವೂ ಬರುತ್ತಿತ್ತು. ನನ್ನ ಬದುಕಿನ ಒಂದು ದೊಡ್ಡ ಪಾಲು ಅದರಲ್ಲೇ ಕಳೆಯಿತು. ಹಗಲು ಕಚೇರಿಯಲ್ಲಿ ರಸ್ತೆಗಾಗಿ ನೆಲದ ಎತ್ತರ ತೋರಿಸುವ ಸಮಮಟ್ಟ ರೇಖೆಗಳನ್ನು ಎಳೆಯುತ್ತಿದ್ದೆ, ರಾತ್ರಿ ಅದೇ ರೇಖೆಗಳಿಂದ ಗ್ರೀನ್, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸು, ಕಟ್ಟುತ್ತಿದ್ದೆ. ನಮ್ಮ ಮನೆಯ ಮೇಲಿನ ಬ್ಯಾಣವನ್ನೇ ಒಂದು ಕೋರ್ಸ್ ಮಾಡಿದೆ. ದನ ಮೇಯುವ ಆ ಹುಲ್ಲುಗಾವಲು ಗಾಲ್ಫಿನ ಹುಲ್ಲುಹಾದಿಯಾದ ಫೇರ್‌ವೇ ಆಗಲೆಂದೇ ಹುಟ್ಟಿದಂತಿದೆ. ಒಂದು ಬದಿಗೆ ಕಡಿದಾದ ಮಣ್ಣಿನ ದರೆ, ಇನ್ನೊಂದು ಬದಿಗೆ ಸೊಪ್ಪಿನ ಬೆಟ್ಟ, ಕೆಳಗೆ ಅಡಿಕೆ ತೋಟದ ತಲೆಗಳು. ಗೇಮಿನೊಳಗಿದ್ದ ತಾಳೆಮರಗಳೆಲ್ಲ ಯಾವುದೋ ಸಮುದ್ರತೀರದವು, ನಮ್ಮ ಬೆಟ್ಟಕ್ಕೆ ಹೊಂದುತ್ತಿರಲಿಲ್ಲ. ಹಾಗಾಗಿ ಅಗಳದ, ಅಂದರೆ ಕಂದಕದ, ಪಕ್ಕದಲ್ಲಿದ್ದ ಬಗನಿ ಮರದ ಫೋಟೋ ತೆಗೆದು, ಹಿಂದಿನ ಆಕಾಶವನ್ನು ಎಲೆ ಎಲೆಯ ಸಂದಿನಿಂದಲೂ ಕತ್ತರಿಸಿ ತೆಗೆದೆ. ಮೀನಿನ ಬಾಲದಂತಹ ಆ ಎಲೆಗಳ ಅಂಚು ಹರಿದುಹರಿದು ಇರುತ್ತದೆ. ಕತ್ತರಿಸುವುದು ಸ್ವಲ್ಪ ಒರಟಾದರೂ ಮರದ ಸುತ್ತ ಬಿಳಿ ಗೆರೆ ಉಳಿದುಬಿಡುತ್ತದೆ. ಆ ಗೇಮಿನಲ್ಲಿ ಮರವೆಂದರೆ ಒಂದು ಚಪ್ಪಟೆ ಚಿತ್ರ ಅಷ್ಟೇ, ನೀವು ಎಲ್ಲಿ ನಿಂತರೂ ನಿಮ್ಮತ್ತಲೇ ಮುಖ ಮಾಡಿರುತ್ತದೆ. ಆದರೂ ನಾಲ್ಕನೆಯ ಹೋಲಿನಲ್ಲಿ ಮೊದಲ ಹೊಡೆತ ಹೊಡೆಯುವ ಟೀ ಎದುರು ಅದನ್ನು ನೆಟ್ಟ ದಿನ ಅದು ನಮ್ಮ ಮರವೇ ಆಗಿ ಕಂಡಿತು. ಸ್ಕಾಟ್ಲೆಂಡಿನ ಹಿರಿಯರೊಬ್ಬರು 'ಈ ಮರ ನಿಜವಾಗಿ ಇದೆಯೋ, ನಿನ್ನ ಕಲ್ಪನೆಯೋ' ಎಂದು ಕೇಳಿದರು. ಬಗನಿಯಿಂದ ಶೇಂದಿ ಇಳಿಸುವ ವಿಷಯವನ್ನೆಲ್ಲ ಬರೆದು ಕಳಿಸಿದೆ. ಅಲ್ಲಿಂದ ಶುರುವಾದ ಸ್ನೇಹ ಅದು.

ಇನ್ನು ಅಳುಕಿನ ವಿಷಯ. ಲಿಂಕ್ಸ್ ಹುಟ್ಟಿದ್ದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಕ್ಸೆಸ್ ಸಾಫ್ಟ್‌ವೇರ್‌ನಲ್ಲಿ, 1990ರಲ್ಲಿ. 1992ರಲ್ಲಿ ಬಂದ ಲಿಂಕ್ಸ್ 386 ಪ್ರೋ ಅದಕ್ಕೆ ಹೆಸರು ತಂದುಕೊಟ್ಟಿತು. 1999ರಲ್ಲಿ ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನು ಕೊಂಡಿತು, 2004ರಲ್ಲಿ ಇನ್ನೊಂದು ಗೇಮ್ ಕಂಪನಿಯಾದ ಟೇಕ್‌-ಟೂಗೆ ಮಾರಿತು, ಗೇಮ್ ಕಟ್ಟಿದ ಆ ಸಂಸ್ಥೆ 2006ರಲ್ಲಿ ಬಾಗಿಲು ಮುಚ್ಚಿತು. ಕಂಪ್ಯೂಟರಿಗೆ ಬಂದ ಕೊನೆಯ ಲಿಂಕ್ಸ್ ಎಂದರೆ ನಾನು ಆಡಿದ 2003ರ ಆವೃತ್ತಿಯೇ, ಮಾರುಕಟ್ಟೆಗೆ ಬಂದದ್ದು 2002ರಲ್ಲಿ. ಅಂದರೆ ಕಟ್ಟಿದವರು ಎಂದೋ ಎದ್ದುಹೋಗಿದ್ದರು. ಗೇಮನ್ನು ಬದುಕಿಸಿಕೊಂಡು ಬಂದವರು ಆಡುವವರೇ. ಹೊಸ ವಿಂಡೋಸ್ ಬಂದಾಗಲೆಲ್ಲ ಏನೋ ಒಂದು ಕೈಕೊಡುತ್ತಿತ್ತು. 2015ರ ವಿಂಡೋಸ್ 10 ನಕಲು ತಡೆಯುವ ಹಳೆಯ ಸಿ.ಡಿ. ರಕ್ಷಣಾ ವ್ಯವಸ್ಥೆಗಳನ್ನು ಕೈಬಿಟ್ಟಾಗ ಆ ಕಾಲದ ಎಷ್ಟೋ ಗೇಮುಗಳು ಅಸಲಿ ಸಿ.ಡಿ. ಇದ್ದರೂ ತೆರೆಯದಾದವು. ಪ್ರತಿಯೊಂದು ಹಳೆಯ ಗೇಮಿನ ಬಳಗದಲ್ಲೂ ಇಂಥದ್ದಕ್ಕೆ ಉಪಾಯ ಹುಡುಕಿ, ಬರೆದಿಟ್ಟು, ಹೊಸಬರಿಗೆ ತಾಳ್ಮೆಯಿಂದ ವಿವರಿಸುವ ಇಬ್ಬರು ಮೂವರು ಇದ್ದೇ ಇರುತ್ತಾರೆ. ನೀವು ಆ ಇಬ್ಬರು ಮೂವರಲ್ಲಿ ಒಬ್ಬರು, ಅದಕ್ಕೇ ಕಾಲು ಕೀಳಲು ಆಗುತ್ತಿಲ್ಲ. ಕಂಪನಿಯೇ ಬಿಟ್ಟುಹೋದ ಮೇಲೆ ನಾನೂ ಬಿಟ್ಟರೆ ಹೇಗೆ ಎಂಬ ಭಾವನೆ ಅದು. ಬಹಳ ಗೌರವದ ಭಾವನೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಕೊನೆಯವರೆಗೂ ನೀವೇ ಹೊರಬೇಕು ಎಂದು ಹೇಳುವುದಿಲ್ಲ, ಹೊರೆ ನೆಲಕ್ಕೆ ಬೀಳಬಾರದು ಎಂದಷ್ಟೇ ಹೇಳುತ್ತದೆ.

ಬಿಡುವ ಹೊತ್ತು ಬಂದಿದೆ ಎಂದು ನನಗೆ ತಿಳಿದದ್ದು ಹೀಗೆ. ಗೇಮನ್ನು ತೆರೆಯುತ್ತಿದ್ದೆ, ಎಲ್ಲವೂ ಸರಿಯಾಗಿ ತೆರೆದುಕೊಳ್ಳುತ್ತಿದೆಯೇ ಎಂದು ನೋಡುತ್ತಿದ್ದೆ, ಮುಚ್ಚುತ್ತಿದ್ದೆ. ಚೆಂಡನ್ನು ಕುಳಿಗೆ ತಳ್ಳುವ ಒಂದು ಪಟ್ ಕೂಡ ಆಡುತ್ತಿರಲಿಲ್ಲ. ಯಾರೋ ಹೊಸ ಕೋರ್ಸ್ ಕಳಿಸಿದರೆ ಅದರ ಮೊದಲ ಹೋಲನ್ನು ನೋಡುವ ಮೊದಲು ಕಡತದ ಹೆಸರು ನಿಯಮದಂತೆ ಇದೆಯೇ ಎಂದು ಪರೀಕ್ಷಿಸುತ್ತಿದ್ದೆ. ಪ್ರೀತಿಯಿಂದ ಬಂದವನು ಉಗ್ರಾಣದ ಕಾವಲಿಗೆ ನಿಂತಿದ್ದೆ. ಅದೂ ಬೇಕಾದ ಕೆಲಸವೇ. ಆದರೆ ಮನಸ್ಸಿಲ್ಲದೆ ಮಾಡಿದರೆ ಅದರ ಕಹಿ ಹೊಸಬರಿಗೆ ತಟ್ಟುತ್ತದೆ, ಅವರ ಪ್ರಶ್ನೆಗೆ ಕೊಡುವ ಉತ್ತರ ಚುಟುಕಾಗುತ್ತದೆ, ಅವರು ಮತ್ತೆ ಕೇಳುವುದಿಲ್ಲ.

ಒಪ್ಪಿಸುವ ಕೆಲಸದಲ್ಲಿ ಅವಸರ ಬೇಡ. ತೋಟವನ್ನು ಗೇಣಿಗೆ ಕೊಡುವವರು ಮರ ಎಷ್ಟಿವೆ ಎಂದು ಹೇಳಿ ಸುಮ್ಮನಾಗುವುದಿಲ್ಲ, ಅಗಳ ಎಲ್ಲಿ ಕುಸಿಯುತ್ತದೆ, ಯಾವ ಮೂಲೆಗೆ ಕೊಳೆ ರೋಗ ಮೊದಲು ಬರುತ್ತದೆ ಎಂದು ಕರೆದುಕೊಂಡು ಹೋಗಿ ತೋರಿಸುತ್ತಾರೆ. ನಾನೂ ಹಾಗೆಯೇ ಮಾಡಿದೆ. ಆಡಲು ಸಿದ್ಧವಾದ ಕೋರ್ಸಿನ ಕಡತಗಳು ಎಲ್ಲರಲ್ಲೂ ಇರುತ್ತವೆ. ಆದರೆ ಅವನ್ನು ಕಟ್ಟಲು ಬಳಸಿದ ಮೂಲ ಕಡತಗಳು, ಮರ-ಕಲ್ಲು-ಹುಲ್ಲಿನ ಚಿತ್ರಗಳು ಕಟ್ಟಿದವನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇರುತ್ತವೆ. ಅವನು ಮರೆಯಾದರೆ ಆ ಕೋರ್ಸನ್ನು ಇನ್ನು ಯಾರೂ ತಿದ್ದಲಾರರು. ನನ್ನವನ್ನೆಲ್ಲ ಹುಡುಕಿ, ಜೋಡಿಸಿ ಕೊಟ್ಟೆ. 'ಯಾರು ಬೇಕಾದರೂ ಬದಲಾಯಿಸಬಹುದು, ಮೊದಲು ಕಟ್ಟಿದವರ ಹೆಸರು ಉಳಿಯಬೇಕು' ಎಂದು ಸ್ಪಷ್ಟವಾಗಿ ಬರೆದೆ. ಇದನ್ನು ಖಂಡಿತ ಬರೆಯಿರಿ. ಬರೆಯದಿದ್ದರೆ ಸಂಕೋಚದಿಂದ ಯಾರೂ ಕೈ ಹಚ್ಚುವುದಿಲ್ಲ. ಸರ್ವರ್ ಬಾಡಿಗೆಗೆ ಸೇರಿಸಿದ ಹಣವೇನಾದರೂ ನಿಮ್ಮ ಕೈಯಲ್ಲಿದ್ದರೆ ಪೈಸೆ ಪೈಸೆಯ ಲೆಕ್ಕ ಎಲ್ಲರ ಮುಂದಿಡಿ.

ಎಲ್ಲಕ್ಕಿಂತ ಕಷ್ಟದ್ದು ಆಮೇಲೆ ಬರುತ್ತದೆ. ನನ್ನ ಬ್ಯಾಣದ ಕೋರ್ಸನ್ನು ವಹಿಸಿಕೊಂಡ ಹುಡುಗ ಕೆಲವೇ ತಿಂಗಳಲ್ಲಿ ನಾಲ್ಕನೆಯ ಹೋಲಿನ ಬಗನಿ ಮರವನ್ನು ತೆಗೆದುಬಿಟ್ಟ. ದೂರ ಹೊಡೆಯಲಾಗದವರಿಗೆ ಅದು ಅಡ್ಡವಾಗುತ್ತದೆ ಎಂಬುದು ಅವನ ಕಾರಣ. ದರೆಯ ಇಳಿಜಾರನ್ನೂ ಸ್ವಲ್ಪ ತಗ್ಗಿಸಿದ. ಸುದ್ದಿ ತಿಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನಿಗೆ ಬರೆಯಬೇಕೆಂದು ಕುಳಿತೆ, ಬರೆಯಲಿಲ್ಲ. ಒಪ್ಪಿಸಿದ ಮೇಲೆ ಹಿಂದಿನಿಂದ ದಾರ ಎಳೆಯುವವರನ್ನು ನಾನು ಬೇರೆ ಬಳಗಗಳಲ್ಲಿ ನೋಡಿದ್ದೇನೆ. ಅವರಿಂದ ಯಾರಿಗೂ ಸುಖವಿಲ್ಲ. ಹೊಸಬರು ಕೆಲಸ ಮಾಡುವಾಗ ಪ್ರತಿ ಹೆಜ್ಜೆಗೂ ಹಳಬರ ಮುಖ ನೋಡುವಂತಾಗುತ್ತದೆ. ಅವರು ಕೇಳಿದರೆ ಹೇಳಬೇಕು, ಕೇಳದಿದ್ದರೆ ಬಾಯಿ ಹಾಕಬಾರದು.

ಹೊಸ ಗೇಮಿಗೆ ಹೋದರೆ ಆಯಿತಲ್ಲ ಎಂದೂ ಕೇಳುತ್ತಾರೆ. ನಮ್ಮಲ್ಲಿ ಕೋರ್ಸ್ ಕಟ್ಟುತ್ತಿದ್ದ ಕೆಲವರು ಕೆನಡಾದ ಎಚ್‌.ಬಿ. ಸ್ಟುಡಿಯೋಸ್ 2014ರಲ್ಲಿ ತಂದ 'ದಿ ಗಾಲ್ಫ್ ಕ್ಲಬ್'ಗೆ, ಅಲ್ಲಿಂದ 2020ರಲ್ಲಿ ಬಂದ ಪಿ.ಜಿ.ಎ. ಟೂರ್ 2ಕೆ21ಕ್ಕೆ ಹೋದರು. ಲೇಸರ್‌ನಿಂದ ನೆಲದ ಏರಿಳಿತ ಅಳೆದ ಸಾರ್ವಜನಿಕ ದತ್ತಾಂಶ ಬಳಸಿ ನಿಜವಾದ ಕೋರ್ಸುಗಳನ್ನು ಹಾಗೆಯೇ ಕಟ್ಟುವವರೂ ಅಲ್ಲಿದ್ದಾರೆ, ನಕ್ಷೆಯ ಕೆಲಸದವನಾದ ನನಗೆ ಅದು ಬೆರಗು ಹುಟ್ಟಿಸುತ್ತದೆ. ಹೋಗುವುದಾದರೆ ಹೋಗಿ, ಆದರೆ ಹಳೆಯದರ ಕೀಲಿಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟವರಿಂದ ಹಿಂದೆ ಉಳಿದವರಿಗೇ ಹೆಚ್ಚು ತೊಂದರೆ. ಆರು ತಿಂಗಳಿಗೊಮ್ಮೆ ಬಂದು ಎರಡು ಮಾತಾಡಿ ಹೋಗುವ ಮುಖ್ಯಸ್ಥನಿಗಾಗಿ ಎಲ್ಲ ನಿರ್ಧಾರಗಳೂ ಕಾಯುತ್ತವೆ. ನಾನು ಬೇರೆ ಗೇಮಿಗೆ ಹೋಗಲಿಲ್ಲ. ಚಿಕ್ಕಮಗಳೂರಿನ ಗಾಲ್ಫ್ ಕ್ಲಬ್ಬಿಗೆ ಸ್ನೇಹಿತರೊಬ್ಬರ ಜೊತೆ ಹೋಗಿ ನಿಜವಾದ ಹುಲ್ಲಿನ ಮೇಲೆ ನಿಂತದ್ದು ಸಂತೋಷವೇ. ಆದರೆ ಅದು ಬೇರೆಯೇ ಸಂತೋಷ, ಇದಕ್ಕೆ ಬದಲಿ ಅಲ್ಲ.

ಸ್ನೇಹಗಳ ಬಗ್ಗೆ ನೀವು ಕೇಳಿಲ್ಲ, ಆದರೂ ನಿಮ್ಮ ಮನಸ್ಸಿನಲ್ಲಿ ಅದು ಇದ್ದೇ ಇರುತ್ತದೆ. ಕೆಲವು ಉಳಿಯುವುದಿಲ್ಲ. ವಾರವಾರ ಸ್ಕೋರಿನ ಬಗ್ಗೆ ಮಾತಾಡುತ್ತಿದ್ದವರಿಗೆ ಸ್ಕೋರು ಇಲ್ಲದ ಮೇಲೆ ಏನು ಮಾತಾಡಬೇಕೆಂದು ತೋಚುವುದಿಲ್ಲ, ನಮಗೂ ತೋಚುವುದಿಲ್ಲ. ಅದು ನೋಯಿಸುತ್ತದೆ, ಯಾರ ತಪ್ಪೂ ಅಲ್ಲ. ಉಳಿಯಬೇಕೆಂದು ನಿಮಗೆ ಅನ್ನಿಸುವವರಿಗೆ ಹೊರಡುವ ಮೊದಲೇ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆಯಿರಿ. ಎಲ್ಲರಿಗೂ ಒಂದೇ ವಿದಾಯದ ಸಂದೇಶ ಹಾಕಿದರೆ ಅದು ಯಾರಿಗೂ ಬರೆದದ್ದಾಗುವುದಿಲ್ಲ. ಅವರ ಯಾವ ಆಟ, ಯಾವ ಉಪಕಾರ ನಿಮ್ಮ ನೆನಪಿನಲ್ಲಿದೆ ಎಂದು ಹೆಸರು ಹಿಡಿದು ಹೇಳಿ. ನಮ್ಮ ಮಳೆಗಾಗಿ ಗಡುವು ಹೆಚ್ಚಿಸಿದ ಹಿರಿಯರಿಗೆ ನಾನು ಅದನ್ನು ನೆನಪಿಸಿ ಬರೆದೆ. ಅವರು ಈಗಲೂ ಪ್ರತಿ ಜೂನಿನಲ್ಲಿ 'ಆಗುಂಬೆಯಲ್ಲಿ ಮಳೆ ಹಿಡಿಯಿತೇ' ಎಂದು ಕೇಳುತ್ತಾರೆ.

ನಿಮ್ಮ ವಾರದ ಪಂದ್ಯಾವಳಿಯ ವಿಷಯದಲ್ಲಿ ನನ್ನ ಸಲಹೆ ಇಷ್ಟು. ನಡುವೆ ನಿಲ್ಲಿಸಬೇಡಿ. ಈ ಋತು ಮುಗಿಯುವ ದಿನವನ್ನು ಈಗಲೇ ಎಲ್ಲರಿಗೂ ತಿಳಿಸಿ. ಒಬ್ಬರಿಗೆ ವಹಿಸಬೇಡಿ, ಇಬ್ಬರನ್ನು ಹುಡುಕಿ. ಒಬ್ಬರೇ ಆದರೆ ಎರಡೇ ವರ್ಷದಲ್ಲಿ ಅವರು ಇದೇ ಪ್ರಶ್ನೆ ಕೇಳುತ್ತಾರೆ. ಕೊನೆಯ ಕೆಲವು ವಾರ ಅವರೇ ನಡೆಸಲಿ, ನೀವು ಪಕ್ಕದಲ್ಲಿರಿ. ಯಾರೂ ಮುಂದೆ ಬರದಿದ್ದರೆ ಪಂದ್ಯಾವಳಿ ಮುಗಿಯಿತು ಎಂದು ಘೋಷಿಸಿ, ಇದುವರೆಗಿನ ಫಲಿತಾಂಶಗಳನ್ನೆಲ್ಲ ಒಂದೆಡೆ ಸೇರಿಸಿ ಎಲ್ಲರಿಗೂ ಒಂದೊಂದು ಪ್ರತಿ ಕಳಿಸಿ.