ಬಾಣ ಬಾಲ ಆಡಿಸಿದರೆ ಮೊದಲು ಹೆದೆ ನೋಡಿ

ಪ್ರಶ್ನೆ: ನಾನು ಧಾರವಾಡದವನು, ಕೆಲಸ ಗೋವಾದ ವಾಸ್ಕೋದಲ್ಲಿ. ಆರು ತಿಂಗಳ ಹಿಂದೆ ಎಳೆಯಲು 40 ಪೌಂಡ್ ಬಲ ಬೇಕಾದ ಲಾಂಗ್‌ಬೋ (ಹಳೆ ಶೈಲಿಯ ಉದ್ದ ಬಿಲ್ಲು) ತಗೊಂಡೆ. ಬಾಣ ಕಾರ್ಬನ್ನಿನದು, ಸ್ಪೈನ್ (ಬಾಣದ ಬಿರುಸಿನ ಅಳತೆ) 400, ಮೊನೆಯ ತೂಕ 100 ಗ್ರೇನ್. ಬಲಗೈಯಲ್ಲಿ ಎಳೆಯುತ್ತೇನೆ. ಬಾಣ ಮೀನಿನ ಹಾಗೆ ಬಾಲ ಆಡಿಸುತ್ತಾ ಹೋಗಿ ಪ್ರತಿ ಸಲ ಎಡಕ್ಕೇ ಬೀಳುತ್ತದೆ. ಬಿಲ್ಲಿನ ಸದ್ದೂ ಜಾಸ್ತಿ. ಹೊಸ ಬಾಣ ತಗೊಳ್ಳಲಾ, ಬಿಲ್ಲೇ ಬದಲಾಯಿಸಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ದುಡ್ಡು ಖರ್ಚು ಮಾಡುವ ಮೊದಲು ಎರಡು ಭಾನುವಾರ ಬಿಲ್ಲಿನ ಜೊತೆ ಕಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬದಲಿಸಿದ್ದನ್ನು ಬರೆದಿಡಿ.

ಸದ್ದಿನಿಂದಲೇ ಶುರು ಮಾಡೋಣ. ಯಕ್ಷಗಾನದ ಪ್ರಸಂಗಗಳಲ್ಲಿ ಬಿಲ್ಲಿನ ಠೇಂಕಾರ ಕೇಳಿದರೆ ಶತ್ರುಗಳ ಎದೆ ನಡುಗುತ್ತದೆ. ನಿಮ್ಮ ಕೈಯಲ್ಲಿರುವ ಬಿಲ್ಲು ಹಾಗೆ ಕೂಗಿದರೆ ಅದು ದೂರು ಹೇಳುತ್ತಿದೆ ಎಂದೇ ತಿಳಿಯಿರಿ. ಬಾಣಕ್ಕೆ ಹೋಗಬೇಕಾದ ಶಕ್ತಿ ಹೆದೆಯ ನಡುಕದಲ್ಲಿ, ಸದ್ದಿನಲ್ಲಿ ಹೋಗುತ್ತಿದೆ. ಸಾಮಾನ್ಯವಾಗಿ ಇದಕ್ಕೆ ಕಾರಣ ಬ್ರೇಸ್ ಹೈಟ್, ಅಂದರೆ ಹೆದೆ ಏರಿಸಿದ ಮೇಲೆ ಹಿಡಿಕೆಯಿಂದ ಹೆದೆಯವರೆಗಿನ ಅಂತರ. ಹಳಬರ ಅಳತೆ ಸುಲಭ. ಹಿಡಿಕೆಯ ಮೇಲೆ ಮುಷ್ಟಿ ಇಟ್ಟು ಹೆಬ್ಬೆರಳನ್ನು ನೆಟ್ಟಗೆ ಮಾಡಿ. ಉಗುರು ಹೆದೆಗೆ ತಾಗಿದರೆ ಹೆಚ್ಚುಕಮ್ಮಿ ಸರಿ. ಲಾಂಗ್‌ಬೋಗೆ ಇದು ಆರರಿಂದ ಏಳೂವರೆ ಇಂಚು ಇರುತ್ತದೆ. ಡೇಕ್ರಾನ್ (ಪಾಲಿಯೆಸ್ಟರ್ ನೂಲು) ಹೆದೆ ಹೊಸದರಲ್ಲಿ ಹಿಗ್ಗುತ್ತದೆ, ಆಗ ಈ ಅಂತರ ನಿಮಗೆ ಗೊತ್ತಿಲ್ಲದೆಯೇ ಇಳಿದಿರುತ್ತದೆ. ಹೆದೆ ಇಳಿಸಿ, ಒಂದು ತುದಿ ಬಿಚ್ಚಿ, ನಾಲ್ಕೈದು ಸುತ್ತು ಹುರಿ ಹಾಕಿ ಮತ್ತೆ ಏರಿಸಿ. ಮೂರು ಬಾಣ ಬಿಡಿ, ಕಿವಿಗೊಟ್ಟು ಕೇಳಿ. ಮತ್ತೆ ನಾಲ್ಕು ಸುತ್ತು. ಎಲ್ಲೋ ಒಂದು ಕಡೆ ಆ 'ಠಣ್' ಹೋಗಿ ಮೆತ್ತಗೆ 'ಧಪ್' ಅನ್ನುತ್ತದೆ, ಹಿಡಿದ ಕೈಗೂ ಅದರುವುದು ನಿಲ್ಲುತ್ತದೆ. ಆ ಅಂತರವನ್ನು ಹಿಡಿಕೆಯ ಒಳಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದುಬಿಡಿ. ನಾನು ನನ್ನ ಎಲ್ಲ ಬಿಲ್ಲುಗಳ ಮೇಲೂ ಬರೆದಿದ್ದೇನೆ.

ಆಮೇಲೆ ಬಾಣ ಕೂರುವ ಜಾಗ. ಬಡಗಿಗಳ ಮೂಲೆಮಟ್ಟ ಸಾಕು, ನಮ್ಮ ಪುಣೆ ಕಡೆ ಅದಕ್ಕೆ ಗುಣ್ಯಾ ಅಂತಾರೆ. ಅದನ್ನು ಶೆಲ್ಫಿನ (ಹಿಡಿಕೆಯ ಮೇಲೆ ಬಾಣ ಕೂರುವ ಅಂಚು) ಮೇಲಿಟ್ಟು ಹೆದೆಗೆ ತಾಗಿಸಿ, ಅಲ್ಲಿಂದ ಅರ್ಧ ಇಂಚಿಗಿಂತ ಸ್ವಲ್ಪ ಮೇಲೆ ದಾರ ಬಿಗಿಯಾಗಿ ಸುತ್ತಿ ಗಂಟು ಹಾಕಿ. ಬಾಣದ ನಾಕ್ (ಹೆದೆಗೆ ಸಿಕ್ಕಿಸುವ ಹಿಂದಿನ ಸೀಳು) ಈ ಗಂಟಿನ ಕೆಳಗೆ ಕೂರಬೇಕು. ದಾರದ ಗಂಟನ್ನು ಸ್ಕ್ರೂ ತಿರುಗಿಸಿದ ಹಾಗೆ ಮೇಲೆ ಕೆಳಗೆ ಸರಿಸಬಹುದು, ಹಿತ್ತಾಳೆಯ ಉಂಗುರಕ್ಕಿಂತ ನನಗೆ ಇದೇ ಇಷ್ಟ.

ಈಗ ಮುಖ್ಯ ಪರೀಕ್ಷೆ. ಒಂದೇ ತರಹದ ಮೂರು ಬಾಣ ಗರಿ ಸಹಿತ, ಎರಡು ಬಾಣ ಗರಿ ಕಿತ್ತವು. ಹತ್ತು ಮೀಟರಿನಿಂದ ಬಿಡಿ. ಹಿಂದೆ ಗೋಡೆಯಿರಲಿ, ಯಾರೂ ಓಡಾಡದಿರಲಿ. ಗರಿ ಬಾಣದ ತಪ್ಪನ್ನು ದಾರಿಯಲ್ಲೇ ತಿದ್ದುತ್ತದೆ. ಗರಿಯಿಲ್ಲದ ಬಾಣಕ್ಕೆ ಆ ಆಸರೆಯಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತದೆ. ಮೊದಲು ಮೇಲೆ-ಕೆಳಗೆ ನೋಡಿ. ಅದು ಉಳಿದವಕ್ಕಿಂತ ಕೆಳಗೆ ನಾಟಿದರೆ ಗಂಟು ಎತ್ತರವಾಗಿದೆ, ಸ್ವಲ್ಪ ಇಳಿಸಿ. ಮೇಲೆ ನಾಟಿದರೆ ಏರಿಸಿ. ಇಲ್ಲೊಂದು ಮೋಸವಿದೆ. ಗಂಟು ತೀರಾ ಕೆಳಗಿದ್ದರೆ ಬಾಣದ ಬಾಲ ಶೆಲ್ಫಿಗೆ ಬಡಿದು ಮೇಲೆ ನೆಗೆಯುತ್ತದೆ, ಆಗ ಗಂಟು ಎತ್ತರವಾಗಿದೆ ಅನ್ನಿಸುತ್ತದೆ. ಅದಕ್ಕೇ ಬೇಕೆಂದೇ ಎತ್ತರದಿಂದ ಶುರು ಮಾಡಿ ಇಳಿಸುತ್ತಾ ಬರಬೇಕು. ಅನುಮಾನ ಬಂದರೆ ಶೆಲ್ಫಿನ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ ಒಂದು ಬಾಣ ಬಿಡಿ, ಎಲ್ಲಿ ಬಡಿಯಿತೋ ಗೆರೆ ಮೂಡಿರುತ್ತದೆ.

ಇದು ಸರಿಯಾದ ಮೇಲಷ್ಟೇ ಎಡ-ಬಲ. ಬಲಗೈಯವರಿಗೆ ಗರಿಯಿಲ್ಲದ ಬಾಣ ಎಡಕ್ಕೆ ನಾಟಿದರೆ ಬಾಣ ತೀರಾ ಬಿರುಸು, ಬಲಕ್ಕಾದರೆ ತೀರಾ ಮೆದು. ನಿಮ್ಮದು ಬಿರುಸು ಅಂತ ನನಗೆ ಈಗಲೇ ಅನ್ನಿಸುತ್ತಿದೆ. ಲಾಂಗ್‌ಬೋನಲ್ಲಿ ಬಾಣ ಬಿಲ್ಲಿನ ನಟ್ಟನಡುವೆ ಕೂರುವುದಿಲ್ಲ, ಪಕ್ಕಕ್ಕೆ ಕೂರುತ್ತದೆ. ಹೆದೆ ತಳ್ಳಿದಾಗ ಬಾಣ ಬಳುಕಿ, ಬಿಲ್ಲನ್ನು ಬಳಸಿಕೊಂಡು ಆಚೆ ಹೋಗಬೇಕು. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು. ಬಳುಕದ ಬಾಣ ಬಿಲ್ಲಿಗೆ ಬಡಿದು ಎಡಕ್ಕೆ ಸಿಡಿಯುತ್ತದೆ, ಬಾಲ ಆಡಿಸುತ್ತದೆ. 400 ಅಂದರೆ, 28 ಇಂಚು ದೂರದ ಎರಡು ಆಧಾರಗಳ ಮೇಲೆ ಬಾಣವಿಟ್ಟು ನಡುವೆ 880 ಗ್ರಾಂ ತೂಗಿಸಿದರೆ 0.400 ಇಂಚು ಬಾಗುತ್ತದೆ ಅಂತ. ಅಂಕಿ ಕಡಿಮೆಯಾದಷ್ಟೂ ಬಾಣ ಬಿರುಸು. ನಿಮ್ಮ 40 ಪೌಂಡಿಗೆ 400 ಹೆಚ್ಚಾಯಿತು.

ಆದರೂ ಬಾಣ ಎಸೆಯಬೇಡಿ. ಮೊನೆಯ ತೂಕ ಏರಿಸಿದರೆ ಬಾಣ ಹೆಚ್ಚು ಬಳುಕುತ್ತದೆ. 100 ಗ್ರೇನಿನ ಬದಲು 150, ಆಮೇಲೆ 200 ಹಾಕಿ ನೋಡಿ. ಬಿಲ್ಲಿನ ಪಕ್ಕದ ಚರ್ಮ ದಪ್ಪಗಿದ್ದರೆ ತೆಳುವಾದದ್ದು ಅಂಟಿಸಿ, ಬಾಣ ನಡುವಿಗೆ ಹತ್ತಿರವಾಗುತ್ತದೆ. ತೂಕದ ಬಾಣ ಬಿಲ್ಲಿಗೂ ಒಳ್ಳೆಯದು, ಸದ್ದೂ ಇಳಿಯುತ್ತದೆ. ಇಷ್ಟಾದರೂ ಎಡಕ್ಕೇ ಹೋದರೆ 600ರ ಎರಡು ಬಾಣ ಯಾರಿಂದಲಾದರೂ ಕಡ ತಗೊಂಡು ಬಿಟ್ಟು ನೋಡಿ, ಸರಿ ಕಂಡರೆ ಮಾತ್ರ ಡಜನ್ ಕೊಳ್ಳಿ. ಮತ್ತೆ, ಗರಿ ನಿಜವಾದ ಗರಿಯೇ ಇರಲಿ. ಪ್ಲಾಸ್ಟಿಕ್ಕಿನದು ಶೆಲ್ಫಿಗೆ ಬಡಿದರೆ ಬಾಗಿ ಜಾಗ ಕೊಡುವುದಿಲ್ಲ.

ಪ್ರಶ್ನೆ: ಡೊಂಬಿವಲಿಯಲ್ಲಿದ್ದೇನೆ. ಮಳೆಗಾಲ ಬಂದರೆ ನನ್ನ ಬಿದಿರಿನ ಬಿಲ್ಲು ಸೋತ ಹಾಗಾಗುತ್ತದೆ, ಬಾಣ ಕೆಳಗೆ ಬೀಳುತ್ತದೆ. ಗರಿಗಳೂ ಮುದುಡುತ್ತವೆ.

ಉತ್ತರ: ಬಿದಿರು ಗಾಳಿಯ ತೇವ ಹೀರಿಕೊಂಡಿದೆ, ಅಷ್ಟೇ. ತೇವ ತುಂಬಿದ ಬಿಲ್ಲು ನಿಧಾನವಾಗುತ್ತದೆ, ಹೆದೆ ಏರಿಸಿಯೇ ಇಟ್ಟರೆ ಬಾಗಿದ ಹಾಗೇ ನಿಂತುಬಿಡುತ್ತದೆ. ಅಭ್ಯಾಸ ಮುಗಿದ ಕೂಡಲೇ ಹೆದೆ ಇಳಿಸಿ. ಮೂಲೆಗೆ ಒರಗಿಸಬೇಡಿ, ಎರಡು ಗೂಟದ ಮೇಲೆ ಅಡ್ಡ ಮಲಗಿಸಿ. ಬೇಗ ಒಣಗಲಿ ಅಂತ ಒಲೆಯ ಹತ್ತಿರ ಇಟ್ಟರೆ ಬಿದಿರು ಬಿರಿಯುತ್ತದೆ. ಮಳೆಗಾಲದಲ್ಲಿ ಟ್ಯೂನ್ ಮಾಡಲೂ ಹೋಗಬೇಡಿ. ಈಗ ಕೂರಿಸಿದ್ದು ನವೆಂಬರಿನಲ್ಲಿ ಮತ್ತೆ ತಪ್ಪುತ್ತದೆ. ಗರಿಗೆ ಮಾತ್ರ ಸುಲಭ ಉಪಾಯವಿದೆ. ಒಣಗಿದ ಮೇಲೆ ಚಹಾಕ್ಕೆ ನೀರು ಕುದಿಯುವಾಗ ಆವಿಯಲ್ಲಿ ಬಾಣವನ್ನು ತಿರುಗಿಸುತ್ತಾ ಹಿಡಿಯಿರಿ. ಮುದುಡಿದ ಎಳೆಗಳು ಒಂದೊಂದಾಗಿ ಎದ್ದು ನಿಲ್ಲುವುದು ಕಣ್ಣೆದುರೇ ಕಾಣುತ್ತದೆ.

ಪ್ರಶ್ನೆ: ಪುಣೆಯ ಕೋಥ್ರೂಡಿನಿಂದ. 12 ವರ್ಷದ ಮಗಳು 18 ಪೌಂಡಿನ ಬಿಲ್ಲಿನಲ್ಲಿ ಅವರಪ್ಪನ ಬಾಣ ಬಿಡುತ್ತಾಳೆ. ನಡೆಯುತ್ತಾ?

ಉತ್ತರ: ಅಪಾಯವಿಲ್ಲ, ಆದರೆ ಬೇಡಮ್ಮ. ದೊಡ್ಡವರ ಬಾಣ ಆ ಬಿಲ್ಲಿಗೆ ಕಬ್ಬಿಣದ ಸರಳಿದ್ದ ಹಾಗೆ. ಅವಳು ಎಷ್ಟೇ ಚೆನ್ನಾಗಿ ಬಿಟ್ಟರೂ ಬಾಣ ಪಕ್ಕಕ್ಕೆ ಹೋಗುತ್ತದೆ, ತಪ್ಪು ತನ್ನದೇ ಅಂದುಕೊಳ್ಳುತ್ತಾಳೆ. ಅವಳ ಬಿಲ್ಲಿಗೆ ತಕ್ಕ ಮೆದುವಾದ ಹಗುರ ಬಾಣ ಆರು ಕೊಡಿಸಿ. ಉದ್ದ ಮಾತ್ರ ಅವಳು ಹೆದೆ ಎಳೆಯುವ ಉದ್ದಕ್ಕಿಂತ ಎರಡು ಇಂಚು ಜಾಸ್ತಿ ಇರಲಿ, ಬೆಳೆಯುವ ಹುಡುಗಿ. ಬಾಣ ಗಿಡ್ಡವಾಗಿ ಮೊನೆ ಕೈಯ ಮೇಲೆ ಬಂದರೆ ಅದು ನಿಜವಾದ ಅಪಾಯ.